ಕಪ್ಪತಗುಡ್ಡದ ಚಿನ್ನ, ಬೆಳಕಿನ ಸುತ್ತಿಗೆ

ಚಿನ್ನದ ಬಣ್ಣ ಯಾವುದು? ಇದೆಂಥ ಪ್ರಶ್ನೆ ಅಂತೀರಿ. ಗದಗ-ಬೆಟಗೇರಿಯ ಯಾವ ಪತ್ತಾರರನ್ನು ಕೇಳಿದರೂ ಹಳದಿ ಅಂತಾರೆ, ಒರೆಗಲ್ಲಿಗೆ ತಿಕ್ಕಿ ಗೆರೆ ತೋರಿಸ್ತಾರೆ. ಆದರೆ ಅದೇ ಚಿನ್ನವನ್ನು ಕೂದಲೆಳೆಯ ಸಾವಿರದಲ್ಲೊಂದು ಪಾಲಿಗಿಂತ ಸಣ್ಣ ಉಂಡೆ ಮಾಡಿ ನೀರಿನಲ್ಲಿ ತೇಲಿಬಿಡಿ, ನೀರು ಕುಂಕುಮ ಕಲಸಿದ ಹಾಗೆ ಕೆಂಪಾಗುತ್ತೆ. ಉಂಡೆಯ ಬದಲು ಕಡ್ಡಿ ಆಕಾರದಲ್ಲಿ ಬೆಳೆಸಿ, ನೀರು ನೀಲಿ ಆಗಬಹುದು, ಹಸಿರಾಗಬಹುದು, ಕಂದಾಗಬಹುದು. ಕಡ್ಡಿ ಎಷ್ಟು ಉದ್ದವೋ ಅದಕ್ಕೆ ತಕ್ಕ ಬಣ್ಣ. ಈಗ ಆ ಕಡ್ಡಿಗಳ ಮೇಲೆ ಲೇಸರ್ ಮಿಂಚುಗಳನ್ನು ಬಿಡಿ. ಕಡ್ಡಿ ಹೋಗಿ ಉಂಡೆ. ನೀರು ಮತ್ತೆ ಕೆಂಪು.

ವಿಜ್ಞಾನಿಗಳು ಇವುಗಳನ್ನು ನ್ಯಾನೊರಾಡ್ ಅಂತಾರೆ, ನಾನು ಕಡ್ಡಿ ಅಂತಲೇ ಕರೀತೀನಿ. ಇವತ್ತು ಹೇಳೋದು ಈ ಕಡ್ಡಿಯ ಇತಿಹಾಸ. ಗದಗ ಜಿಲ್ಲೆಯಿಂದಲೇ ಶುರು ಮಾಡೋದಕ್ಕೆ ಕಾರಣ ಇದೆ. ಕಪ್ಪತಗುಡ್ಡವನ್ನು ಅಗೆಯೋ ಮಾತು ಬಂದಾಗಲೆಲ್ಲ ಚರ್ಚೆಗೆ ಕೂತವರಲ್ಲಿ ಒಬ್ಬರಾದರೂ ಒಂದು ಮಾತು ಹೇಳೇ ಹೇಳ್ತಾರೆ: "ಸರ್, ಮುಂದಿನ ತಂತ್ರಜ್ಞಾನಕ್ಕೆಲ್ಲ ಚಿನ್ನ ಬೇಕು, ಗುಡ್ಡದಲ್ಲಿ ಬಿಟ್ಟು ಏನು ಮಾಡ್ತೀರಿ?" ಈ ಮಾತು ಎಷ್ಟು ಗಟ್ಟಿ ಅಂತ ನಾವೂ ಒಮ್ಮೆ ಒರೆಗೆ ಹಚ್ಚಿ ನೋಡೋಣ.

ಈ ಜಿಲ್ಲೆಯ ಚಿನ್ನದ ಲೆಕ್ಕ ಬಹಳ ಹಳೆಯದು. ಗದುಗಿನಿಂದ ಕೊಪ್ಪಳದ ರಸ್ತೆ ಹಿಡಿದರೆ ಸಿಗುವ ಲಕ್ಕುಂಡಿ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಟಂಕಸಾಲೆ ಇದ್ದ ಊರು. ಊರಿನ ಆಗಿನ ಹೆಸರು ಲೊಕ್ಕಿಗುಂಡಿ, ಅಲ್ಲಿ ಅಚ್ಚಾದ ಹೊನ್ನಿನ ನಾಣ್ಯಕ್ಕೆ ಲೊಕ್ಕಿ ಗದ್ಯಾಣ ಅಂತ ಹೆಸರು. ಅತ್ತಿಮಬ್ಬೆ ಇದೇ ಊರಿನಲ್ಲಿ 1007ರಲ್ಲಿ ಬಸದಿ ಕಟ್ಟಿಸಿದಳು, ಚಿನ್ನದ ಜಿನಬಿಂಬಗಳನ್ನು ಮಾಡಿಸಿ ಹಂಚಿದಳು ಅಂತಾರೆ. ಅತ್ತ ಪುಲಿಗೆರೆ, ಅಂದರೆ ಇವತ್ತಿನ ಲಕ್ಷ್ಮೇಶ್ವರ, ದೊಡ್ಡ ಪಟ್ಟಣ. ಪಂಪ ತನ್ನ ಕಾವ್ಯದ ಕನ್ನಡ ಆ ಊರಿನದ್ದು ಅಂತ ಹೆಮ್ಮೆಯಿಂದ ಹೇಳಿಕೊಂಡ ಊರು ಅದು. ಈ ಸೀಮೆಯ ಶಾಸನಗಳಲ್ಲಿ ದಾನ, ದಂಡ, ಸುಂಕ ಎಲ್ಲ ಗದ್ಯಾಣದ ಲೆಕ್ಕದಲ್ಲಿ. ಗದ್ಯಾಣ ಅಂದರೆ ನಾಣ್ಯವೂ ಹೌದು, ತೂಕವೂ ಹೌದು. ಚಿನ್ನಕ್ಕೆ ಬೆಲೆ ಬರೋದು ತೂಕದಿಂದ. ಆಕಾರ ಯಾವುದಾದರೇನು? ಸರ ಕರಗಿಸಿ ಬಳೆ ಮಾಡಿ, ಬಳೆ ಕರಗಿಸಿ ನಾಣ್ಯ ಮಾಡಿ, ತಕ್ಕಡಿಗೆ ಎಲ್ಲವೂ ಒಂದೇ.

ಕಪ್ಪತಗುಡ್ಡದಿಂದ ಇಳಿದು ಬರುವ ಹಳ್ಳಗಳ ಮರಳಿನಲ್ಲಿ ಚಿನ್ನದ ರವೆ ಇತ್ತು. ಮಳೆ ನಿಂತ ಮೇಲೆ ಮರಳನ್ನು ಮರದ ತೊಟ್ಟಿಯಲ್ಲಿ ತೊಳೆದು ತೊಳೆದು ಆ ರವೆ ಹೆಕ್ಕುತ್ತಿದ್ದವರು ಜಲಗಾರರು. ಈ ಪದದ ಗತಿ ನೋಡಿ. ಕುವೆಂಪು 'ಜಲಗಾರ' ನಾಟಕ ಬರೆಯೋ ಹೊತ್ತಿಗೆ ಅದರ ಅರ್ಥ ಬೀದಿ ಗುಡಿಸುವವ ಅಂತ. ಚಿನ್ನ ಹುಡುಕೋನು ಮತ್ತು ಕಸ ಗುಡಿಸೋನು ಇಬ್ಬರಿಗೂ ಒಂದೇ ಹೆಸರು. ಧೂಳಿನಲ್ಲಿ ಚಿನ್ನ ಹುಡುಕಿದವರಿಗೆ ಸಮಾಜ ಕೊನೆಗೆ ಧೂಳನ್ನಷ್ಟೇ ಉಳಿಸಿತು ಅಂತ ನನಗನಿಸುತ್ತೆ. ಇರಲಿ.

1874ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫುಟ್ ದಂಬಳ ಗುಡ್ಡಗಳ ಚಿನ್ನದ ಶಿಲೆಗಳ ಮೇಲೆ ಒಂದು ವರದಿ ಪ್ರಕಟಿಸಿದ. ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕೈಗೊಡಲಿ ಪತ್ತೆ ಮಾಡಿ ಭಾರತದ ಪ್ರಾಗಿತಿಹಾಸಕ್ಕೆ ಬಾಗಿಲು ತೆರೆದ ಮನುಷ್ಯ ಇವನೇ. ಡೋಣಿ, ಸೊರಟೂರು ಕಡೆಯ ಹಳ್ಳಗಳನ್ನು ನೋಡಿದ, ಜಲಗಾರರ ಕೆಲಸವನ್ನು ನೋಡಿದ. ಮುಂದೆ ಇಂಥ ಹಳೆಯ ಶಿಲೆಗಳ ಗುಂಪಿಗೇ ಧಾರವಾಡ ಅನ್ನೋ ಹೆಸರು ಕೊಟ್ಟ. ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ಧಾರವಾಡದ ಹೆಸರು ಇರೋದು ಪೇಡೆಯಿಂದ ಅಲ್ಲ ಸ್ವಾಮಿ, ಈ ಕಲ್ಲಿನಿಂದ. ಆಮೇಲೆ ಕಂಪನಿಗಳು ಬಂದವು. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಕಬುಲಾಯತಕಟ್ಟಿ, ಅತ್ತಿಕಟ್ಟಿ, ಹೊಸೂರು ಸುತ್ತಮುತ್ತ ಬಾವಿ ತೋಡಿದರು. ಆಗ ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ ತಾಲೂಕು, ಒಂದು ಗಣಿಗೆ ಸಾಂಗ್ಲಿ ಅಂತಲೇ ಹೆಸರಿತ್ತು. ಯಾವುದೂ ಬಹಳ ದಿನ ಬಾಳಲಿಲ್ಲ. ಟನ್‌ಗಟ್ಟಲೆ ಕಲ್ಲು ಪುಡಿ ಮಾಡಿ ಗ್ರಾಂ ಲೆಕ್ಕದಲ್ಲಿ ಚಿನ್ನ ತೆಗೆಯೋ ವ್ಯಾಪಾರ ಅದು. ಕೋಲಾರಕ್ಕೆ ಗಿಟ್ಟಿತು, ಗದುಗಿಗೆ ಗಿಟ್ಟಲಿಲ್ಲ.

ಇದೆಲ್ಲ ತೂಕದ ಕಥೆ. ಆಕಾರದ ಕಥೆ ಶುರುವಾಗಿದ್ದು ಬೇರೆ ಕಡೆ, ಹೆಚ್ಚುಕಡಿಮೆ ಅದೇ ಕಾಲದಲ್ಲಿ.

1858ರಲ್ಲಿ ಮುಂಡರಗಿಯ ಭೀಮರಾಯ ಬ್ರಿಟಿಷರ ವಿರುದ್ಧ ಬಂಡೆದ್ದು, ದಂಬಳದ ಖಜಾನೆಗೆ ಕೈ ಹಾಕಿ, ಕೊಪ್ಪಳದ ಕೋಟೆಯಲ್ಲಿ ಹೋರಾಡುತ್ತಾ ಪ್ರಾಣ ಕೊಟ್ಟ. ಅದಕ್ಕೆ ಒಂದು ವರ್ಷ ಮೊದಲು, 1857ರ ಫೆಬ್ರವರಿಯಲ್ಲಿ, ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಚಿನ್ನ ಮತ್ತು ಬೆಳಕಿನ ಸಂಬಂಧದ ಬಗ್ಗೆ ಒಂದು ಉಪನ್ಯಾಸ ಕೊಟ್ಟ. ವಿದ್ಯುತ್ ಮೋಟಾರು, ಡೈನಮೋ ಎರಡಕ್ಕೂ ಬುನಾದಿ ಹಾಕಿದ ಅದೇ ಫ್ಯಾರಡೆ. ಚಿನ್ನದ ದ್ರಾವಣಕ್ಕೆ ರಂಜಕ ಸೇರಿಸಿ ಮಾಣಿಕ್ಯದಂಥ ಕೆಂಪು ದ್ರವ ಮಾಡಿದ್ದ. ಅದರಲ್ಲಿರೋದು ಚಿನ್ನವೇ, ಬೇರೇನೂ ಅಲ್ಲ, ಕಣ ಅತಿ ಸಣ್ಣದಾದ್ದರಿಂದ ಬಣ್ಣ ಬೇರೆ ಅಂತ ಹೇಳಿದ. ಅವನು ಮಾಡಿಟ್ಟ ಬಾಟಲಿಗಳು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಈಗಲೂ ಇವೆ.

ನನಗೆ ಹೆಚ್ಚು ಇಷ್ಟವಾದದ್ದು ಅವನ ಇನ್ನೊಂದು ಪ್ರಯೋಗ. ಚಿನ್ನದ ರೇಕನ್ನು ಗಾಜಿನ ಮೇಲೆ ಹರಡಿ ಬೆಳಕಿಗೆ ಹಿಡಿದರೆ ಅದರ ಮೂಲಕ ಹಸಿರು ಬೆಳಕು ಬರುತ್ತೆ. ಆ ರೇಕನ್ನು ಕಾಯಿಸಿದ, ಹಸಿರು ಮಾಯ. ಅಗೇಟ್ ಕಲ್ಲಿನಿಂದ ಒತ್ತಿ ಉಜ್ಜಿದ, ಹಸಿರು ವಾಪಸ್ ಬಂತು. ಚಿನ್ನ ಅದೇ, ತೂಕ ಅದೇ, ಒಳಗಿನ ಜೋಡಣೆ ಮಾತ್ರ ಬದಲು. ಪತ್ತಾರರಿಗೆ ಇದು ಹೊಸದೇನಲ್ಲ. ಬಡಿದು ಬಡಿದು ಬಿರುಸಾದ ಚಿನ್ನವನ್ನು ಅಗ್ಗಿಷ್ಟಿಕೆಯಲ್ಲಿ ಕಾಯಿಸಿದರೆ ಮೆತ್ತಗಾಗುತ್ತೆ, ಮತ್ತೆ ಬಡಿದರೆ ಬಿರುಸಾಗುತ್ತೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಇದನ್ನೇ ನಮಗೆ ಅನೀಲಿಂಗ್ ಅಂತ ಪಾಠ ಮಾಡಿದ್ದು. ಪತ್ತಾರರ ಮಗ ಹತ್ತು ವರ್ಷಕ್ಕೇ ಕಲಿತಿರ್ತಾನೆ, ನಾವು ಇಪ್ಪತ್ತಕ್ಕೆ ಕಲಿತು ಹತ್ತು ಅಂಕಕ್ಕೆ ಬರೆದ್ವಿ.

ಫ್ಯಾರಡೆ ಕಂಡದ್ದಕ್ಕೆ ಗಣಿತದ ಉತ್ತರ ಬರೋಕೆ ಅರ್ಧ ಶತಮಾನ ಬೇಕಾಯಿತು. 1908ರಲ್ಲಿ ಜರ್ಮನಿಯ ಗುಸ್ತಾವ್ ಮೀ ಉಂಡೆಗಳ ಲೆಕ್ಕ ಬಿಡಿಸಿದ. 1912ರಲ್ಲಿ ರಿಚರ್ಡ್ ಗಾನ್ಸ್ ಉದ್ದುದ್ದ ಕಣಗಳ ಲೆಕ್ಕ ಹಾಕಿದ. ಸಾರ ಇಷ್ಟು: ಲೋಹದೊಳಗೆ ಎಲೆಕ್ಟ್ರಾನ್‌ಗಳು ತಿರುಗಾಡಿಕೊಂಡಿರುತ್ತವೆ. ಬೆಳಕು ಬಿದ್ದರೆ ಅವೆಲ್ಲ ಒಟ್ಟಿಗೆ ಜೋಕಾಲಿ ಆಡಿದ ಹಾಗೆ ಆಚೀಚೆ ತೂಗುತ್ತವೆ. ಜೋಕಾಲಿಯ ಹಗ್ಗ ಉದ್ದವಾದಷ್ಟೂ ತೂಗಾಟ ನಿಧಾನ, ಅಲ್ವಾ? ಹಾಗೇ ಕಡ್ಡಿ ತನ್ನ ದಪ್ಪಕ್ಕೆ ಹೋಲಿಸಿದರೆ ಎಷ್ಟು ಉದ್ದವೋ ಅಷ್ಟು ನಿಧಾನದ, ಅಂದರೆ ಕೆಂಪಿನ ಕಡೆಯ ಬೆಳಕನ್ನು ಹೀರುತ್ತೆ. ಸಣ್ಣ ಉಂಡೆ ಹೀರೋದು 520 ನ್ಯಾನೊಮೀಟರ್ ಆಸುಪಾಸಿನ ಹಸಿರು ಬೆಳಕನ್ನು, ಅದಕ್ಕೇ ನಮಗೆ ಕೆಂಪು ಕಾಣೋದು. ಅಗಲಕ್ಕಿಂತ ನಾಲ್ಕು ಪಟ್ಟು ಉದ್ದದ ಕಡ್ಡಿ 800 ನ್ಯಾನೊಮೀಟರ್ ಸುತ್ತಲಿನ, ಕಣ್ಣಿಗೇ ಕಾಣದ ಬೆಳಕನ್ನು ಹೀರುತ್ತೆ.

ಲೆಕ್ಕ ಸಿದ್ಧವಿತ್ತು. ಆದರೆ ಒಂದೇ ಅಳತೆಯ ಕಡ್ಡಿಗಳನ್ನು ಮಾಡೋಕೆ ಬರ್ತಿರಲಿಲ್ಲ. 1960ರಲ್ಲಿ ಥಿಯೊಡೋರ್ ಮೈಮನ್ ಮೊದಲ ಲೇಸರ್ ಬೆಳಗಿಸಿದ, ಅದೂ ಮಾಣಿಕ್ಯದ ಹರಳಿನಿಂದ. ಕಡ್ಡಿಗೆ ಮಾತ್ರ 1997ರವರೆಗೆ ಕಾಯಬೇಕಾಯಿತು. ಆ ವರ್ಷ ತೈವಾನಿನ ಕ್ರಿಸ್ ವಾಂಗ್ ತಂಡ ವಿದ್ಯುತ್ ಹರಿಸಿ ಚಿನ್ನದ ಕಡ್ಡಿಗಳನ್ನು ಮಾಡೋ ವಿಧಾನ ಪ್ರಕಟಿಸಿತು. ಎರಡೇ ವರ್ಷದಲ್ಲಿ ಅದೇ ತಂಡ ಕಡ್ಡಿಗಳಿಗೆ ಲೇಸರ್ ಹೊಡೆದು, ಅವು ಆಕಾರ ಬದಲಿಸೋದನ್ನು ತೋರಿಸಿತು.

ಇಲ್ಲಿಂದ ಕಥೆ ಅಮೆರಿಕದ ಅಟ್ಲಾಂಟಾಕ್ಕೆ ಹೋಗುತ್ತೆ. ಜಾರ್ಜಿಯಾ ಟೆಕ್‌ನಲ್ಲಿ ಮುಸ್ತಫಾ ಎಲ್-ಸಯೀದ್ ಅಂತ ಪ್ರಾಧ್ಯಾಪಕರು. ಈಜಿಪ್ಟಿನ ಜಿಫ್ತಾ ಅನ್ನೋ ಸಣ್ಣ ಊರಿನಲ್ಲಿ ಹುಟ್ಟಿದವರು. 1999ರಲ್ಲಿ ಅವರ ತಂಡ ಒಂದು ಪ್ರಬಂಧ ಬರೆಯಿತು, ಅದರ ಶೀರ್ಷಿಕೆಯೇ ಒಂದು ಪ್ರಶ್ನೆ: ಚಿನ್ನದ ಕಡ್ಡಿ ಕರಗೋಕೆ ಎಷ್ಟು ಹೊತ್ತು ಬೇಕು? ಉತ್ತರ, ಸುಮಾರು 30 ಪಿಕೊಸೆಕೆಂಡು. ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲು ಒಂದು ಪಿಕೊಸೆಕೆಂಡು, ಅಂಥ 30. ನಮ್ಮ ಸ್ಟುಡಿಯೊ ದೀಪದ ಬೆಳಕು ಅಷ್ಟು ಹೊತ್ತಿನಲ್ಲಿ ಒಂದು ಸೆಂಟಿಮೀಟರ್ ಕೂಡ ದಾಟಲ್ಲ.

ಇಷ್ಟು ಬೇಗ ನಡೆಯೋದನ್ನು ನೋಡೋದು ಹೇಗೆ? ಎರಡು ಮಿಂಚು ಬಿಡ್ತಾರೆ. ಮೊದಲನೆಯದು ಹೊಡೆಯೋಕೆ, ಎರಡನೆಯದು ನೋಡೋಕೆ. ಎರಡನೆಯದನ್ನು ಸ್ವಲ್ಪ ಸ್ವಲ್ಪವೇ ತಡ ಮಾಡ್ತಾ ಹೋದರೆ ಒಂದೊಂದು ಕ್ಷಣದ ಚಿತ್ರ ಸಿಗುತ್ತೆ. ಹೊಡೆಯೋ ಮಿಂಚಿನ ಉದ್ದ ನೂರು ಫೆಮ್ಟೊಸೆಕೆಂಡ್ ಆಸುಪಾಸು. ಫೆಮ್ಟೊ ಅಂದರೆ ಪಿಕೊದ ಸಾವಿರದಲ್ಲೊಂದು. ಮಿಂಚು ಬಿದ್ದಾಗ ಮೊದಲು ಕಾಯೋದು ಎಲೆಕ್ಟ್ರಾನ್‌ಗಳು. ಅವು ಕೆಲವೇ ಪಿಕೊಸೆಕೆಂಡಿನಲ್ಲಿ ಆ ಶಾಖವನ್ನು ಪರಮಾಣುಗಳಿಗೆ ದಾಟಿಸುತ್ತವೆ. ಅದು ಸುತ್ತಲ ನೀರಿಗೆ ಸೋರಿಹೋಗೋಕೆ ಇನ್ನಷ್ಟು ಹೊತ್ತು. ಆ ನಡುವಿನ ಬಿಡುವಿನಲ್ಲೇ ಕಡ್ಡಿ ಕರಗಬೇಕು. ಕರಗಿದ ಲೋಹ ಮಳೆಹನಿಯ ಹಾಗೆ ಉಂಡೆಯಾಗುತ್ತೆ, ಯಾಕಂದ್ರೆ ಉಂಡೆಯ ಹೊರಮೈ ಎಲ್ಲಕ್ಕಿಂತ ಕಡಿಮೆ.

ಮಿಂಚು ಚಿಕ್ಕದಿದ್ದರೆ ಕಡ್ಡಿ ಉಂಡೆಯಾಯಿತು. ಅದೇ ಶಕ್ತಿಯನ್ನು ಸ್ವಲ್ಪ ಉದ್ದದ, ನ್ಯಾನೊಸೆಕೆಂಡಿನ ಮಿಂಚಿನಲ್ಲಿ ಕೊಟ್ಟರೆ? ಕಡ್ಡಿ ಚೂರುಚೂರಾಯಿತು. ಕರಗುತ್ತಿರುವಾಗಲೂ ಬೆಳಕು ಬೀಳ್ತಾನೇ ಇರುತ್ತಲ್ಲ, ಕಣ ಅದನ್ನು ಹೀರ್ತಾನೇ ಇರುತ್ತೆ, ತಡೆಯಲಾರದೆ ಸಿಡಿಯುತ್ತೆ. ಊದುಗೊಳವೆ ಹಿಡಿದ ಪತ್ತಾರರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಬೆಸುಗೆ ಕೂತ ತಕ್ಷಣ ಉರಿ ತೆಗೀಬೇಕು, ಒಂದು ಉಸಿರು ಹೆಚ್ಚಾದರೆ ಸರದ ಎಳೆ ಕರಗಿ ಗುಂಡಾಗಿ ಕೂರುತ್ತೆ.

2000ದಲ್ಲಿ ಅದೇ ತಂಡ ಕಡ್ಡಿಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟು ಇನ್ನೊಂದು ಸೋಜಿಗ ಕಂಡಿತು. ಸಾಮಾನ್ಯವಾಗಿ ಲೋಹ ಕರಗೋದು ಹೊರಮೈಯಿಂದ ಒಳಕ್ಕೆ. ಮೇಣದ ಗೊಂಬೆ ನೆನಪಿಸಿಕೊಳ್ಳಿ. ಆದರೆ ಲೇಸರ್ ಬಿದ್ದ ಕಡ್ಡಿಯಲ್ಲಿ ಬಿರುಕು ಶುರುವಾಗಿದ್ದು ಒಳಗಡೆ. ಮೊದಲು ಕಡ್ಡಿಯ ಪರಮಾಣುಗಳು ಕವಾಯತಿಗೆ ನಿಂತ ಪೊಲೀಸರ ಹಾಗೆ ಸಾಲು ತಪ್ಪದೆ ನಿಂತಿದ್ದವು, ಇಡೀ ಕಡ್ಡಿ ಒಂದೇ ಹರಳು. ಹದವಾದ ಪೆಟ್ಟು ಬಿದ್ದ ಮೇಲೆ ಅಲ್ಲೊಂದು ಇಲ್ಲೊಂದು ಸಾಲು ಜಾರಿತ್ತು, ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗಿತ್ತು. ಪೂರ್ತಿ ಕರಗಿಸೋಕೆ ಕಡ್ಡಿಯೊಂದಕ್ಕೆ ಬೇಕಾದದ್ದು ಸುಮಾರು 60 ಫೆಮ್ಟೊಜೂಲ್ ಶಕ್ತಿ. ಈ ಸಂಖ್ಯೆಯ ಸಣ್ಣತನವನ್ನು ಕಲ್ಪಿಸಿಕೊಳ್ಳೋಕೆ ಹೋಗಬೇಡಿ, ತಲೆ ಕೆಡುತ್ತೆ.

2001. ಆ ವರ್ಷದ ಫೆಬ್ರವರಿ 28ಕ್ಕೆ ಕೋಲಾರದ ಚಿನ್ನದ ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷದ ಗಣಿ, ಮೂರು ಕಿಲೋಮೀಟರ್ ಆಳ, ಸಾವಿರಾರು ಕುಟುಂಬ ಬೀದಿಗೆ. ಕಾರಣ, ಟನ್ ಕಲ್ಲಿಗೆ ಸಿಗೋ ಚಿನ್ನ ತೆಗೆಯೋ ಖರ್ಚಿಗೆ ಸಾಲುತ್ತಿರಲಿಲ್ಲ. ಅದೇ 2001ರಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಕ್ಯಾಥರೀನ್ ಮರ್ಫಿ ಮತ್ತು ಅವರ ಜೊತೆಗಿದ್ದ ಭಾರತೀಯ ನಿಖಿಲ್ ರಂಜನ್ ಜಾನಾ, ಚಿನ್ನದ ಕಡ್ಡಿಗಳನ್ನು ಬೀಜ ಬಿತ್ತಿ ಪೈರು ತೆಗೆದ ಹಾಗೆ ಬೆಳೆಸೋ ಸುಲಭ ವಿಧಾನ ಪ್ರಕಟಿಸಿದರು. ಮೊದಲು ಪುಟ್ಟ ಚಿನ್ನದ ಕಣ, ಅದೇ ಬೀಜ. ಅದನ್ನು ಚಿನ್ನದ ಉಪ್ಪು ಮತ್ತು ಸೋಪಿನಂಥ ಒಂದು ರಾಸಾಯನಿಕ ಇರೋ ನೀರಿಗೆ ಹಾಕಿದರೆ ಕಡ್ಡಿ ತಾನೇ ಬೆಳೆಯುತ್ತೆ. ಎರಡು ವರ್ಷದ ನಂತರ ಎಲ್-ಸಯೀದ್ ತಂಡ ಅದನ್ನು ಇನ್ನೂ ಹದ ಮಾಡಿತು. ಅಲ್ಲಿಂದ ಮುಂದೆ ಚಿನ್ನದ ಕಡ್ಡಿ ದೊಡ್ಡ ಸಂಸ್ಥೆಗಳ ಸೊತ್ತಾಗಿ ಉಳಿಯಲಿಲ್ಲ.

ಈ ಎರಡು ಸುದ್ದಿಗಳಲ್ಲಿ ಒಂದು ನಮ್ಮ ಪತ್ರಿಕೆಗಳ ಮುಖಪುಟದಲ್ಲಿ ಬಂತು, ಬರಲೇಬೇಕಿತ್ತು. ಇನ್ನೊಂದು ಯಾವ ಪುಟಕ್ಕೂ ಬರುವಂಥದ್ದಾಗಿರಲಿಲ್ಲ.

ಈಗ ತಕ್ಕಡಿ ತರೋಣ. 44 ನ್ಯಾನೊಮೀಟರ್ ಉದ್ದ, 11 ನ್ಯಾನೊಮೀಟರ್ ದಪ್ಪದ ಒಂದು ಕಡ್ಡಿಯಲ್ಲಿ ಇರೋದು ಸುಮಾರು ಎರಡೂವರೆ ಲಕ್ಷ ಚಿನ್ನದ ಪರಮಾಣು. ಒಂದು ಗ್ರಾಂ ಚಿನ್ನದಲ್ಲಿ ಇಂಥ ಕಡ್ಡಿಗಳು ಎಷ್ಟಾಗ್ತವೆ ಅಂತ ಲೆಕ್ಕ ಹಾಕಿದೆ. ಹೆಚ್ಚುಕಡಿಮೆ 120 ಕೋಟಿ ಕೋಟಿ. ಪ್ರಯೋಗಾಲಯದಲ್ಲಿ ಒಂದು ಸಲಕ್ಕೆ ಹತ್ತು ಮಿಲಿಲೀಟರ್ ದ್ರಾವಣ ಬೆಳೆಸ್ತಾರೆ ಅಂದುಕೊಳ್ಳಿ, ಅದಕ್ಕೆ ಬೇಕಾದ ಚಿನ್ನ ಒಂದು ಮಿಲಿಗ್ರಾಂ ಆಸುಪಾಸು. ಮೂಗುಬೊಟ್ಟಿನಲ್ಲಿ ಇರೋ ಚಿನ್ನದಲ್ಲಿ ಒಬ್ಬ ಸಂಶೋಧಕನ ಪಿಎಚ್‌ಡಿ ಮುಗಿಯುತ್ತೆ.

ಅಷ್ಟಕ್ಕೂ ಈ ಕಡ್ಡಿಯಿಂದ ಏನು ಪ್ರಯೋಜನ? ಮೂರು ಸಂಗತಿ ಹೇಳ್ತೀನಿ. ಮೂರರಲ್ಲೂ ಲೇಸರ್ ಮತ್ತು ಆಕಾರದ್ದೇ ಜಗಳ.

2006ರಲ್ಲಿ ಮುಸ್ತಫಾ ಎಲ್-ಸಯೀದ್ ಮತ್ತು ವೈದ್ಯರಾಗಿದ್ದ ಅವರ ಮಗ ಐವನ್, ತಮ್ಮ ಸಹೋದ್ಯೋಗಿಗಳ ಜೊತೆ ಸೇರಿ, ಕ್ಯಾನ್ಸರ್ ಕೋಶಗಳಿಗೆ ಅಂಟಿಕೊಳ್ಳೋ ಚಿನ್ನದ ಕಡ್ಡಿ ಮಾಡಿ, ಲೇಸರ್ ಬಿಟ್ಟು ಆ ಕೋಶಗಳನ್ನು ಶಾಖದಿಂದ ಕೊಂದು ತೋರಿಸಿದರು. ಪ್ರಯೋಗಾಲಯದ ತಟ್ಟೆಯಲ್ಲಿ ನಡೆದದ್ದು ಅದು, ಆಸ್ಪತ್ರೆಯಲ್ಲಿ ಅಲ್ಲ. ಅದಕ್ಕೆ ಒಂದು ವರ್ಷ ಮುಂಚೆ ಎಲ್-ಸಯೀದರ ಪತ್ನಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ಉಂಡೆ ಬಿಟ್ಟು ಕಡ್ಡಿ ಯಾಕೆ? 800 ನ್ಯಾನೊಮೀಟರ್ ಸುತ್ತಲಿನ ಬೆಳಕು ನಮ್ಮ ಚರ್ಮ-ಮಾಂಸದೊಳಗೆ ಸ್ವಲ್ಪ ಆಳಕ್ಕೆ ಇಳಿಯುತ್ತೆ, ಹಸಿರು ಬೆಳಕು ಇಳಿಯಲ್ಲ. ಆದರೆ ತೊಡಕು ನೋಡಿ. ದೇಹದೊಳಗಿನ ಚಿತ್ರ ತೆಗೆಯೋಕೆ ಬಲವಾದ ಮಿಂಚು ಬಿಟ್ಟರೆ ಕಡ್ಡಿ ಕರಗಿ ಉಂಡೆಯಾಗುತ್ತೆ. ಉಂಡೆಯಾದರೆ ಆ ಬೆಳಕನ್ನು ಹೀರಲ್ಲ. ದಾರಿ ತೋರಿಸಬೇಕಾದ ದೀಪ ಮೊದಲ ಪೆಟ್ಟಿಗೇ ಆರಿಹೋದ ಹಾಗೆ. ಅದಕ್ಕೆ ಈಗ ಕಡ್ಡಿಗೆ ಗಾಜಿನ ಜಾತಿಯ ಸಿಲಿಕಾದ ಕವಚ ತೊಡಿಸ್ತಾರೆ. ಅದು ಶಾಖವನ್ನು ಬೇಗ ಹೊರಗೆ ಸಾಗಿಸಿ ಆಕಾರ ಕಾಯುತ್ತೆ.

ಎರಡನೆಯದು ಉಲ್ಟಾ. ಕರಗೋದನ್ನೇ ಬಂಡವಾಳ ಮಾಡಿಕೊಂಡದ್ದು. 2009ರಲ್ಲಿ ಮೆಲ್ಬರ್ನ್‌ನ ಸ್ವಿನ್‌ಬರ್ನ್ ವಿಶ್ವವಿದ್ಯಾಲಯದ ಪೀಟರ್ ಜೈಲ್‌ಸ್ಟ್ರಾ, ಜೇಮ್ಸ್ ಚಾನ್, ಮಿನ್ ಗು ಚಿನ್ನದ ಕಡ್ಡಿಗಳನ್ನು ಪ್ಲಾಸ್ಟಿಕ್ ಪದರದಲ್ಲಿ ಹರಡಿ ಅದರ ಮೇಲೆ ಲೇಸರ್‌ನಿಂದ ಬರೆದರು. ಯಾವ ಬಣ್ಣದ ಬೆಳಕು ಬಿಡ್ತೀರೋ ಅದಕ್ಕೆ ತಕ್ಕ ಉದ್ದದ ಕಡ್ಡಿ ಮಾತ್ರ ಕರಗುತ್ತೆ. ಬೆಳಕು ಯಾವ ದಿಕ್ಕಿಗೆ ಕಂಪಿಸುತ್ತೋ ಆ ದಿಕ್ಕಿಗೆ ಮಲಗಿರೋ ಕಡ್ಡಿ ಮಾತ್ರ ಕರಗುತ್ತೆ. ಹಾಗಾಗಿ ಒಂದೇ ಜಾಗದಲ್ಲಿ ಒಂದರ ಮೇಲೊಂದು ಹಲವು ಚಿತ್ರ. ಉದ್ದ, ಅಗಲ, ಆಳ, ಬಣ್ಣ, ದಿಕ್ಕು ಹೀಗೆ ಐದು ಆಯಾಮ. ಡಿವಿಡಿ ಗಾತ್ರದ ತಟ್ಟೆಯಲ್ಲಿ 1.6 ಟೆರಾಬೈಟ್ ಹಿಡಿಸಬಹುದು ಅಂತ ಲೆಕ್ಕ ಕೊಟ್ಟರು. ಅಚ್ಚುಕೂಟಗಳ ಊರಾದ ಗದುಗಿನವರಿಗೆ ಇದರ ಬೆಲೆ ಗೊತ್ತಾಗಬೇಕು: ಒಂದೇ ಹಾಳೆಯ ಮೇಲೆ ಹಲವು ಪುಟ ಅಚ್ಚು ಹಾಕಿ, ಬೇಕಾದ ಪುಟವನ್ನಷ್ಟೇ ಓದೋದು. ಆ ತಟ್ಟೆ ಅಂಗಡಿಗೆ ಬರಲಿಲ್ಲ ಅನ್ನೋದು ಬೇರೆ ಮಾತು.

ಮೂರನೆಯದು 2017ರಲ್ಲಿ ಸ್ಪೇನ್‌ನಲ್ಲಿ. ಎಷ್ಟೇ ಹುಷಾರಾಗಿ ಬೆಳೆಸಿದರೂ ಕಡ್ಡಿಗಳು ಒಂದೇ ಅಳತೆ ಇರಲ್ಲ, ಒಂದು ಗಿಡ್ಡ ಒಂದು ಉದ್ದ. ಗೊನ್ಸಾಲೆಸ್-ರುಬಿಯೊ, ಲೀಸ್-ಮರ್ಸಾನ್, ಗೆರೆರೊ-ಮಾರ್ಟಿನೆಸ್ ಮತ್ತು ಜೊತೆಗಾರರು ಕರಗಿಸುವಷ್ಟು ಬಿರುಸಿಲ್ಲದ, ಹದವಾದ ಫೆಮ್ಟೊಸೆಕೆಂಡ್ ಮಿಂಚುಗಳನ್ನು ಬಿಟ್ಟರು. ಕಡ್ಡಿ ಉಂಡೆಯಾಗಲಿಲ್ಲ, ತುಸು ಮೈ ಬದಲಿಸಿ ಹೆಚ್ಚುಕಡಿಮೆ ಒಂದೇ ಅಳತೆಗೆ ಬಂತು. ಸುತ್ತ ಇದ್ದ ಸೋಪಿನಂಥ ರಾಸಾಯನಿಕದ ಪ್ರಮಾಣ ಸರಿಯಾಗಿದ್ದರೆ ಮಾತ್ರ, ಯಾಕಂದ್ರೆ ಶಾಖ ಹೊರಗೆ ಹೋಗೋ ವೇಗ ಅದರ ಕೈಯಲ್ಲಿದೆ. ಪತ್ತಾರರು ಕಂಬಚ್ಚಿನ ತೂತಿನಲ್ಲಿ ತಂತಿ ಎಳೆದು ಒಂದೇ ಸಮ ಮಾಡ್ತಾರಲ್ಲ, ಆ ಕೆಲಸವನ್ನು ಇಲ್ಲಿ ಬೆಳಕು ಮಾಡಿತು.

ಕರ್ನಾಟಕ ಈ ಕಥೆಯಲ್ಲಿ ಇಲ್ಲವೇ? ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ರವಿಶಂಕರ್ ತಂಡ ಎರಡು ನ್ಯಾನೊಮೀಟರ್ ದಪ್ಪದ ಚಿನ್ನದ ತಂತಿ ಮಾಡಿತು. ಸಿ.ಎನ್.ಆರ್. ರಾವ್ ಕಟ್ಟಿದ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ 2015ರಲ್ಲಿ ಜಿ.ಯು. ಕುಲಕರ್ಣಿ ತಂಡ ಇನ್ನೂ ವಿಚಿತ್ರದ್ದೊಂದನ್ನು ತೋರಿಸಿತು. ಚಿನ್ನದ ಪರಮಾಣುಗಳು ಯಾವಾಗಲೂ ಘನಾಕೃತಿಯ ಚೌಕಟ್ಟಿನಲ್ಲೇ ಕೂರ್ತವೆ ಅಂತ ನಾವು ಪುಸ್ತಕದಲ್ಲಿ ಓದಿದ್ದು. ಇವರು ಮಾಡಿದ ಜೋಡಿ ಪಿರಮಿಡ್ ಆಕಾರದ ಹರಳುಗಳಲ್ಲಿ ಆ ಚೌಕಟ್ಟೇ ಬೇರೆಯಾಗಿತ್ತು, ಅದೂ ಮಾಮೂಲಿ ಗಾಳಿಯಲ್ಲಿ ಕೆಡದೆ ನಿಂತಿತ್ತು.

ಇನ್ನು ಶುರುವಿನ ಮಾತಿಗೆ ಬರ್ತೀನಿ. 2019ರಲ್ಲಿ ಕಪ್ಪತಗುಡ್ಡದ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿ ಧಾಮ ಆಯಿತು. ಸುಮ್ಮನೆ ಆಗಲಿಲ್ಲ. ತೋಂಟದ ಸಿದ್ಧಲಿಂಗ ಸ್ವಾಮೀಜಿ ಬೀದಿಗಿಳಿದರು, ಗದಗ, ಶಿರಹಟ್ಟಿ, ಮುಂಡರಗಿಯ ಜನ ಅವರ ಹಿಂದೆ ನಿಂತರು. ಘೋಷಣೆ ನೋಡೋಕೆ ಸ್ವಾಮೀಜಿ ಇರಲಿಲ್ಲ, 2018ರಲ್ಲೇ ಲಿಂಗೈಕ್ಯರಾಗಿದ್ದರು. ಗುಡ್ಡದೊಳಗೆ ಚಿನ್ನ ಇಲ್ಲ ಅಂತ ಯಾರೂ ಹೇಳ್ತಿಲ್ಲ. ಇದೆ, 250 ಕೋಟಿ ವರ್ಷದಿಂದ ಇದೆ. ಬೇಕಾದವರು ಆಭರಣಕ್ಕೆ ಬೇಕು, ಬ್ಯಾಂಕಿನ ತಿಜೋರಿಗೆ ಬೇಕು ಅಂತ ನೇರವಾಗಿ ಹೇಳಲಿ, ಅದನ್ನು ಚರ್ಚೆ ಮಾಡೋಣ. ತಂತ್ರಜ್ಞಾನದ ಹೆಸರು ಯಾಕೆ ಮಧ್ಯ ತರ್ತೀರಿ? ಜಗತ್ತಿನಲ್ಲಿ ವರ್ಷಕ್ಕೆ ಬಿಕರಿಯಾಗೋ ಚಿನ್ನದಲ್ಲಿ ಎಲೆಕ್ಟ್ರಾನಿಕ್ಸ್, ವೈದ್ಯಕೀಯ ಎಲ್ಲ ಸೇರಿ ಹತ್ತರಲ್ಲಿ ಒಂದು ಪಾಲೂ ಇಲ್ಲ. ಅದರಲ್ಲಿ ಈ ಕಡ್ಡಿಗಳ ಪಾಲು ತಕ್ಕಡಿಯ ಮುಳ್ಳನ್ನೇ ಅಲ್ಲಾಡಿಸಲ್ಲ.

ಗದಗ ಸೀಮೆಗೆ ಈ ಚಿನ್ನದಲ್ಲಿ ಪಾಲು ಬೇಕಿದ್ದರೆ ದಾರಿ ಗುಡ್ಡದ ಕಡೆಗಿಲ್ಲ, ಕಾಲೇಜಿನ ಕಡೆಗಿದೆ. ಲಕ್ಷ್ಮೇಶ್ವರದಲ್ಲೋ ಮುಂಡರಗಿಯಲ್ಲೋ ಬಿಎಸ್ಸಿ ಪಾಠ ಮಾಡೋ ಮೇಷ್ಟ್ರುಗಳು ಇದನ್ನು ಓದ್ತಿದ್ದರೆ ಒಂದು ಮಾತು ಸರ್. 1951ರಲ್ಲಿ ಜಾನ್ ಟರ್ಕೆವಿಚ್ ತೋರಿಸಿದ ವಿಧಾನಕ್ಕೆ ಲೇಸರ್ ಬೇಡ, ಕೋಟಿ ರೂಪಾಯಿಯ ಯಂತ್ರ ಬೇಡ. ತೊಳೆದ ಗಾಜಿನ ಪಾತ್ರೆ, ಶುದ್ಧ ನೀರು, ಚಿಟಿಕೆಗಿಂತ ಕಡಿಮೆ ಚಿನ್ನದ ಕ್ಲೋರೈಡ್, ಒಂದಿಷ್ಟು ಸೋಡಿಯಂ ಸಿಟ್ರೇಟ್. ನೀರು ಕುದಿಯುವಾಗ ಸಿಟ್ರೇಟ್ ಹಾಕಿ ಹುಡುಗರನ್ನು ಸುತ್ತ ನಿಲ್ಲಿಸಿಕೊಳ್ಳಿ. ತಿಳಿಹಳದಿ ಹೋಗುತ್ತೆ, ನೀರು ಬಣ್ಣಗೆಡುತ್ತೆ, ಆಮೇಲೆ ಕಪ್ಪುನೀಲಿ, ಕೆಲವೇ ನಿಮಿಷದಲ್ಲಿ ಫ್ಯಾರಡೆ ಕಂಡ ಅದೇ ಕೆಂಪು.